ಚಿಕ್ಕಪ್ಪ ತಂದ ಡಾರ್ತ್ ವೇಡರ್: ಅಸಲಿಯಾ, ಬೆಲೆ ಎಷ್ಟು?

ಪ್ರಶ್ನೆ: ನಮ್ಮ ಚಿಕ್ಕಪ್ಪ ಅಮೆರಿಕದಲ್ಲಿ ಓದು ಮುಗಿಸಿ 1981ರಲ್ಲಿ ದಾವಣಗೆರೆಗೆ ವಾಪಸ್ ಬಂದಾಗ ನನಗೆ ‘ಸ್ಟಾರ್ ವಾರ್ಸ್’ ಸಿನಿಮಾದ ಖಳನಾಯಕ ಡಾರ್ತ್ ವೇಡರ್‌ನ ಗೊಂಬೆ ತಂದುಕೊಟ್ಟಿದ್ದರು. ಮೊನ್ನೆ ಬೀರು ಖಾಲಿ ಮಾಡುವಾಗ ಸಿಕ್ಕಿತು. ನಾಲ್ಕು ಇಂಚಿಗಿಂತ ಸ್ವಲ್ಪ ಎತ್ತರ ಇದೆ. ಬೆನ್ನ ಮೇಲೆ ಇಳಿಬಿಡುವ ಕಪ್ಪು ಮೇಲಂಗಿ, ಅಂದರೆ ಕೇಪ್ ಇದೆ. ಕೈಯಿಂದ ಕೆಂಪು ಕತ್ತಿ ಹೊರಗೆ ಜಾರುತ್ತದೆ. ಕಾಲಿನ ಹಿಂದೆ 1977, ಹಾಂಗ್‌ಕಾಂಗ್ ಎಂದಿದೆ. ಗೊಂಬೆ ಅಂಟಿಸಿದ್ದ ರಟ್ಟು ಕೂಡ ಉಳಿದಿದೆ, ಆದರೆ ಪ್ಲಾಸ್ಟಿಕ್ ಕಿತ್ತುಹೋಗಿದೆ, ಒಂದು ಕಡೆ ಚೌಕವಾಗಿ ಕತ್ತರಿಸಿದೆ. ನ್ಯೂಜೆರ್ಸಿಯಲ್ಲಿರುವ ತಂಗಿಯ ಮಗ ‘1977ರದ್ದು, ಕತ್ತಿ ಉದ್ದ ಆಗುತ್ತೆ ಅಂದರೆ ಲಕ್ಷಗಟ್ಟಲೆ ಬಾಳುತ್ತೆ’ ಎನ್ನುತ್ತಾನೆ. ಹಳೇ ವಸ್ತು ಕೊಳ್ಳುವ ಒಬ್ಬರು 2,500 ರೂಪಾಯಿ ಎಂದರು. ಯಾರ ಮಾತು ನಂಬಲಿ? ಇದನ್ನು ತೊಳೆಯಬಹುದಾ? ಮೊಮ್ಮಗನಿಗೆ ಆಡಲು ಕೊಡಬಹುದಾ?

ಉತ್ತರ: ನೀವು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಗೊಂಬೆ ಅಸಲಿ. ಅಮೆರಿಕದ ಸಿನ್ಸಿನಾಟಿಯ ಕೆನ್ನರ್ ಕಂಪನಿಯದ್ದು. ಆದರೆ ಲಕ್ಷಗಟ್ಟಲೆ ಬಾಳುವ ಜಾತಿಯದಲ್ಲ. ಬೆಲೆಯ ಮಟ್ಟಿಗೆ 2,500 ಎಂದವರೇ ನಿಜಕ್ಕೆ ಹತ್ತಿರ ಇದ್ದಾರೆ. ಹಾಗಂತ ನಿಮ್ಮ ತಂಗಿಯ ಮಗ ಹೇಳಿದ್ದು ಗಾಳಿಮಾತೂ ಅಲ್ಲ. ಅವರು ಹೇಳುತ್ತಿರುವ ವೇಡರ್ ನಿಜವಾಗಿಯೂ ಇದೆ, ಅದು ನಿಮ್ಮ ಕೈಯಲ್ಲಿರುವುದಲ್ಲ ಅಷ್ಟೆ. ಎರಡರ ವ್ಯತ್ಯಾಸ ಇರುವುದು ಬೆಂಕಿಕಡ್ಡಿಗಿಂತ ಸಣ್ಣ ಒಂದು ಪ್ಲಾಸ್ಟಿಕ್ ಎಳೆಯಲ್ಲಿ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಆ 1977ರ ವಿಷಯ. ಎಲ್ಲರೂ ಎಡವುವುದು ಇಲ್ಲೇ. ಸಿನಿಮಾ ಬಂದದ್ದು 1977ರ ಮೇ 25ಕ್ಕೆ. ಅದು ಅಷ್ಟು ದೊಡ್ಡದಾಗಿ ಓಡುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಗೊಂಬೆ ಮಾಡುವ ಹಕ್ಕು ಕೆನ್ನರ್ ಹತ್ತಿರ ಇತ್ತು, ಗೊಂಬೆ ಇರಲಿಲ್ಲ. ಆ ವರ್ಷದ ಕ್ರಿಸ್‌ಮಸ್‌ಗೆ ಅವರು ಅಂಗಡಿಗಳಲ್ಲಿ ಮಾರಿದ್ದು ಗೊಂಬೆ ಇಲ್ಲದ ಒಂದು ರಟ್ಟಿನ ಲಕೋಟೆ. ಒಳಗೆ ಒಂದು ಚೀಟಿ. ಅದನ್ನು ತುಂಬಿ ಅಂಚೆಗೆ ಹಾಕಿದರೆ ಮುಂದಿನ ವರ್ಷ ಸಿನಿಮಾದ ನಾಲ್ಕು ಪಾತ್ರಗಳ ಗೊಂಬೆ ಮನೆಗೆ ಬರುತ್ತಿತ್ತು: ಲ್ಯೂಕ್, ಲಿಯಾ, ಚ್ಯೂಬಾಕಾ, ಆರ್2-ಡಿ2. ವೇಡರ್ ಆ ನಾಲ್ಕರಲ್ಲಿ ಇಲ್ಲ. ಅವನು ಬಂದದ್ದು 1978ರಲ್ಲಿ, ಮೊದಲ ಹನ್ನೆರಡು ಗೊಂಬೆಗಳ ಸಾಲಿನಲ್ಲಿ.

ಹಾಗಾದರೆ ಕಾಲಿನ ಮೇಲೆ 1977 ಯಾಕಿದೆ? ಅದು ಹಕ್ಕುಸ್ವಾಮ್ಯದ ವರ್ಷ. ಅಚ್ಚಿನಲ್ಲೇ ಕೊರೆದದ್ದು. ಅದರ ಪಕ್ಕ ಇರುವ ಜಿ.ಎಂ.ಎಫ್.ಜಿ.ಐ. ಎಂಬ ಅಕ್ಷರಗಳು ಜನರಲ್ ಮಿಲ್ಸ್ ಫನ್ ಗ್ರೂಪ್ ಎಂಬ ಹೆಸರಿನವು. ಬೆಳಗಿನ ತಿಂಡಿಯ ಸೀರಿಯಲ್ ಮಾಡುವ ಅದೇ ಜನರಲ್ ಮಿಲ್ಸ್. ಆಗ ಕೆನ್ನರ್ ಅವರ ಕೈಯಲ್ಲಿತ್ತು. ವೇಡರ್ ಗೊಂಬೆ 1985ರ ತನಕ ಮಾರಾಟದಲ್ಲಿತ್ತು. ವರ್ಷ ಬದಲಾಯಿತು, ರಟ್ಟು ಬದಲಾಯಿತು, ಕಾಲಿನ ಮೇಲಿನ 1977 ಮಾತ್ರ ಬದಲಾಗಲಿಲ್ಲ. ಅದನ್ನು ನೋಡಿ ಗೊಂಬೆಯ ವಯಸ್ಸು ಹೇಳೋಕೆ ಆಗಲ್ಲ.

ನಿಮ್ಮ ಗೊಂಬೆಯ ವಯಸ್ಸು ಹೇಳುವುದು ಆ ರಟ್ಟು. ಅದನ್ನು ಎಸೆಯದೆ ಇಟ್ಟ ನಿಮ್ಮ ಮನೆಯವರಿಗೆ ದೊಡ್ಡ ನಮಸ್ಕಾರ. ಸಂಗ್ರಹಕಾರರು ಅದನ್ನು ಕಾರ್ಡ್ ಎನ್ನುತ್ತಾರೆ. ಕಾರ್ಡಿನ ಹಿಂಬದಿಯಲ್ಲಿ ಆಗ ಸಿಗುತ್ತಿದ್ದ ಎಲ್ಲ ಗೊಂಬೆಗಳ ಚಿತ್ರ ಇರುತ್ತಿತ್ತು. ಹೊಸ ಗೊಂಬೆ ಬಂದಂತೆ ಚಿತ್ರಗಳ ಸಂಖ್ಯೆ ಏರುತ್ತಿತ್ತು. ಆ ಎಣಿಕೆಯೇ ಕಾರ್ಡಿನ ಹೆಸರು. ಹನ್ನೆರಡು ಚಿತ್ರ ಇದ್ದರೆ ‘12 ಬ್ಯಾಕ್’, ಅದು 1978ರದ್ದು. ಆಮೇಲೆ 20, 21. 1980ರಲ್ಲಿ ಎರಡನೇ ಸಿನಿಮಾ ಬಂದಾಗ ಲೋಗೊ ಬದಲಾಯಿತು, 31 ಬ್ಯಾಕ್ ಬಂತು. 1983ರಲ್ಲಿ ಮೂರನೇ ಸಿನಿಮಾದ ಕಾರ್ಡುಗಳು, 79ರವರೆಗೆ ಹೋದವು. ಕೊನೆಗೆ ಅಲ್ಯುಮಿನಿಯಂ ನಾಣ್ಯದ ಜೊತೆ ಬಂದ 92 ಬ್ಯಾಕ್.

ನಿಮ್ಮ ಫೋಟೋದಲ್ಲಿ ಎಣಿಸಿದೆ. 31 ಇವೆ. ಲೋಗೊ ಎರಡನೇ ಸಿನಿಮಾದ್ದು. ಅಂದರೆ ಅಂಗಡಿಗೆ ಬಂದದ್ದು 1980ರಲ್ಲಿ. ಚಿಕ್ಕಪ್ಪ 1981ರಲ್ಲಿ ತಂದರು ಎಂಬ ನಿಮ್ಮ ನೆನಪಿಗೆ ಸರಿಯಾಗಿ ಕೂರುತ್ತದೆ.

ಕಾರ್ಡಿನಲ್ಲಿ ಚೌಕವಾಗಿ ಕತ್ತರಿಸಿದ್ದು ಇಲಿಯ ಕೆಲಸವೂ ಅಲ್ಲ, ಮಕ್ಕಳ ಚೇಷ್ಟೆಯೂ ಅಲ್ಲ. ಅಲ್ಲಿದ್ದದ್ದು ‘ಕೊಂಡದ್ದಕ್ಕೆ ಪುರಾವೆ’ ಎಂಬ ಚೀಟಿ. ಅಂಥ ಕೆಲವು ಚೀಟಿ ಸೇರಿಸಿ ಕಂಪನಿಗೆ ಕಳಿಸಿದರೆ ಇನ್ನೂ ಅಂಗಡಿಗೆ ಬಾರದ ಒಂದು ಗೊಂಬೆಯನ್ನು ಅಂಚೆಯಲ್ಲಿ ಕೊಡುತ್ತಿದ್ದರು. 1979ರಲ್ಲಿ ಬೋಬಾ ಫೆಟ್, 1980ರಲ್ಲಿ ಬಾಸ್ಕ್ ಹೀಗೇ ಹಂಚಿಕೆಯಾದವು. ಯಾರೋ ನಿಮ್ಮ ವೇಡರ್‌ನ ಚೀಟಿ ಕತ್ತರಿಸಿ ಕಳಿಸಿದ್ದಾರೆ, ಅಥವಾ ಕಳಿಸಬೇಕು ಅಂತ ಎತ್ತಿಟ್ಟಿದ್ದಾರೆ. ಬೀರುವಿನಲ್ಲಿ ಹಳೇ ಕಾಗದಪತ್ರ ಇದ್ದರೆ ಒಮ್ಮೆ ಹುಡುಕಿ ನೋಡಿ. ಆ ಚೀಟಿ ಇಲ್ಲದಿದ್ದರೆ ಕಾರ್ಡಿನ ಬೆಲೆ ಇಳಿಯುತ್ತದೆ. ಆದರೂ ಬರೀ ಕಾರ್ಡನ್ನೇ ಕೊಳ್ಳುವವರು ಇದ್ದಾರೆ. ಅದನ್ನು ಗೊಂಬೆಯಿಂದ ಬೇರೆ ಮಾಡಬೇಡಿ.

ಈಗ ಕತ್ತಿಗೆ ಬರೋಣ. ಬೆಲೆಯ ಗುಟ್ಟೆಲ್ಲ ಇಲ್ಲಿದೆ.

ವೇಡರ್‌ನ ಬಲಗೈಯಲ್ಲಿ ಉದ್ದಕ್ಕೆ ಕಾಲುವೆಯಂಥ ಒಂದು ತೋಡು ಇದೆ. ಲೈಟ್‌ಸೇಬರ್ ಎಂಬ ಆ ಕೆಂಪು ಕತ್ತಿ ಅದರೊಳಗೆ ಕೂತಿರುತ್ತದೆ. ಕೈಯ ಕೆಳಗಿನ ಸಣ್ಣ ಗುಬುಟು ತಳ್ಳಿದರೆ ಕತ್ತಿ ಅಂಗೈಯಿಂದ ಹೊರಗೆ ಬರುತ್ತದೆ. ಇದು ಎಲ್ಲ ಕೆನ್ನರ್ ವೇಡರ್‌ಗಳಲ್ಲೂ ಇರುವ ಸಂಗತಿ. ಕತ್ತಿ ಹೊರಗೆ ಬರುತ್ತದೆ ಎಂಬುದು ವಿಶೇಷ ಅಲ್ಲ.

ಮೊಟ್ಟಮೊದಲು ಮಾಡಿದ ಕೆಲವು ಗೊಂಬೆಗಳಲ್ಲಿ ಇನ್ನೊಂದು ಹಂತ ಇತ್ತು. ಕತ್ತಿ ಹೊರಗೆ ಬಂದ ಮೇಲೆ ಅದರ ಹೊಟ್ಟೆಯೊಳಗಿನಿಂದ ಇನ್ನೊಂದು ತೆಳು ಎಳೆ ಜಾರಿ ಬರುತ್ತಿತ್ತು. ಅಂದರೆ ದಪ್ಪ ಭಾಗ ಟೊಳ್ಳು, ತುದಿಯ ಎಳೆ ಬೇರೆಯೇ ತುಂಡು. ಇದನ್ನು ಸಂಗ್ರಹಕಾರರು ‘ಡಬಲ್ ಟೆಲಿಸ್ಕೋಪಿಂಗ್’, ಚಿಕ್ಕದಾಗಿ ಡಿ.ಟಿ. ಎನ್ನುತ್ತಾರೆ. ಕಂಪನಿ ಬೇಗನೆ ಇದನ್ನು ಬಿಟ್ಟುಬಿಟ್ಟಿತು, ಎರಡನ್ನೂ ಸೇರಿಸಿ ಒಂದೇ ತುಂಡಾಗಿ ಅಚ್ಚು ಹಾಕಿತು. ಲ್ಯೂಕ್, ಬೆನ್ ಕೆನೋಬಿ, ವೇಡರ್ ಮೂವರಲ್ಲೂ ಡಿ.ಟಿ. ಇದೆ. ಲ್ಯೂಕ್‌ನದ್ದು ಆಗಾಗ ಕಣ್ಣಿಗೆ ಬೀಳುತ್ತದೆ. ಬೆನ್ ಮತ್ತು ವೇಡರ್‌ನದ್ದು ತುಂಬಾ ಅಪರೂಪ. ನಿಮ್ಮ ತಂಗಿಯ ಮಗ ಹೇಳಿದ ಲಕ್ಷಗಳು ಈ ವೇಡರ್‌ಗೆ, ಅದೂ ಬಿಚ್ಚದ 12 ಬ್ಯಾಕ್ ಕಾರ್ಡಿನಲ್ಲಿ ಇದ್ದರೆ.

ಗೊಂದಲ ಎಲ್ಲಿ ಆಗುತ್ತದೆ ಎಂದರೆ, ಒಂದೇ ತುಂಡಿನ ಕತ್ತಿಗೂ ತುದಿ ತೆಳುವಾಗಿಯೇ ಇದೆ. ದಪ್ಪ ಭಾಗ ಮುಗಿದ ಕಡೆ ಮೆಟ್ಟಿಲಿನ ಹಾಗೆ ಸಣ್ಣಗಾಗಿ ಮುಂದೆ ಹೋಗುತ್ತದೆ. ನೋಡಿದವರಿಗೆ ಒಳಗಿನಿಂದ ಬಂದ ಎಳೆ ಅಂತಲೇ ಅನಿಸುತ್ತದೆ. ಭೂತಗನ್ನಡಿ ಹಿಡಿದು ಆ ಮೆಟ್ಟಿಲನ್ನು ನೋಡಿ. ಒಂದೇ ತುಂಡಾದರೆ ಅಲ್ಲಿ ಬಿರುಕು ಇರುವುದಿಲ್ಲ, ಪ್ಲಾಸ್ಟಿಕ್ ನುಣ್ಣಗೆ ಸಣ್ಣಗಾಗುತ್ತದೆ. ಬೇರೆ ಬೇರೆ ತುಂಡಾದರೆ ಎಳೆಯ ಸುತ್ತ ಕೂದಲೆಳೆಯಷ್ಟು ಸಂದು ಕಾಣುತ್ತದೆ. ನಿಮ್ಮ ನಾಲ್ಕನೇ ಫೋಟೋದಲ್ಲಿ ಸಂದು ಇಲ್ಲ. ಮಾಮೂಲಿ ಕತ್ತಿ. ದಯವಿಟ್ಟು ‘ಒಮ್ಮೆ ಎಳೆದು ನೋಡೋಣ’ ಅಂತ ತುದಿ ಹಿಡಿದು ಎಳೆಯಬೇಡಿ. ಈ ಗೊಂಬೆಯಲ್ಲಿ ಎಲ್ಲಕ್ಕಿಂತ ಬೇಗ ಮುರಿಯುವ ಜಾಗ ಅದೇ. ತುದಿ ಮುರಿಯದ, ಬಾಗದ ಕತ್ತಿ ಇರುವುದೇ ನಿಮ್ಮ ವೇಡರ್‌ನ ದೊಡ್ಡ ಬಲ. ಗೊಂಬೆ ಎಷ್ಟು ಬೇಕಾದರೂ ಸಿಗುತ್ತದೆ, ಕತ್ತಿ ಸಿಗುವುದಿಲ್ಲ.

ಗೊಂಬೆ ಎಷ್ಟು ಬೇಕಾದರೂ ಸಿಗುತ್ತದೆ ಎಂದದ್ದು ಸುಮ್ನೆ ಅಲ್ಲ. 1978ರ ಒಂದೇ ವರ್ಷದಲ್ಲಿ ಕೆನ್ನರ್ ಈ ಸಾಲಿನ 4 ಕೋಟಿಗೂ ಜಾಸ್ತಿ ಆಟಿಕೆ ಮಾರಿತು. ಅದರಲ್ಲಿ ವೇಡರ್ ಮಕ್ಕಳ ಅಚ್ಚುಮೆಚ್ಚು. ಪ್ರತಿ ಮನೆಯಲ್ಲೂ ಅವನಿದ್ದ. ಆಮೇಲೆ ಮಕ್ಕಳು ಆಡಿದರು, ಕತ್ತಿ ಕಳೆದರು, ಕೇಪ್ ಹರಿದರು. ಹಾಗಾಗಿ ಇವತ್ತು ಬೋಳು ವೇಡರ್ ಅಗ್ಗ, ಕತ್ತಿ-ಕೇಪ್ ಇರುವವನಿಗೆ ಬೆಲೆ.

ಕತ್ತಿ ಇಷ್ಟು ಮುಖ್ಯ ಆದ್ದರಿಂದಲೇ ನಕಲಿ ಕತ್ತಿಗಳು ಮಾರುಕಟ್ಟೆ ತುಂಬಾ ಇವೆ. ಇವನ್ನು ‘ರೀಪ್ರೊ’ ಎನ್ನುತ್ತಾರೆ. ರೀಪ್ರೊ ಎಂದು ಹೇಳಿ ಮಾರಿದರೆ ತಪ್ಪಿಲ್ಲ. ಮುಚ್ಚಿಟ್ಟು ಅಸಲಿ ಗೊಂಬೆಯ ಕೈಗೆ ಸಿಕ್ಕಿಸಿ ಮಾರುವುದು ಮೋಸ. ನೀರಿನಲ್ಲಿ ಹಾಕಿದರೆ ಅಸಲಿ ತೇಲುತ್ತದೆ, ನಕಲಿ ಮುಳುಗುತ್ತದೆ ಎಂಬ ಪರೀಕ್ಷೆಯನ್ನು ನೀವು ಎಲ್ಲಾದರೂ ಓದಿರಬಹುದು. ಹಳೇ ನಕಲಿಗಳ ಕಾಲಕ್ಕೆ ಅದು ಸ್ವಲ್ಪ ಕೆಲಸಕ್ಕೆ ಬರುತ್ತಿತ್ತು. ಈಗ ತೇಲುವ ನಕಲಿಗಳೂ ಬಂದಿವೆ. ನಾನು ಅದನ್ನು ನಂಬುವುದಿಲ್ಲ. ನಂಬುವುದು ಕಣ್ಣನ್ನು. ಕೆಂಪು ಬಣ್ಣದ ಛಾಯೆ, ಮೇಲ್ಮೈಯ ಹೊಳಪು, ತುದಿಯ ಆಕಾರ, ಅಂಚಿನಲ್ಲಿ ಅಚ್ಚಿನಿಂದ ಉಕ್ಕಿದ ಪ್ಲಾಸ್ಟಿಕ್ ಉಳಿದಿದೆಯಾ ಎಂಬುದು, ಇವನ್ನೆಲ್ಲ ಖಚಿತವಾಗಿ ಅಸಲಿ ಎಂದು ಗೊತ್ತಿರುವ ಒಂದು ಕತ್ತಿಯ ಪಕ್ಕ ಇಟ್ಟು ನೋಡಬೇಕು. ನಿಮ್ಮ ವಿಷಯದಲ್ಲಿ ಇನ್ನೂ ಗಟ್ಟಿ ಸಾಕ್ಷಿ ಇದೆ. 1981ರಿಂದ ಗೊಂಬೆ ಒಂದೇ ಮನೆಯ ಬೀರುವಿನಲ್ಲಿತ್ತು. ರೀಪ್ರೊ ಸಿಕ್ಕಿಸಲು ಯಾರಿಗೂ ಸಂದರ್ಭವೇ ಬರಲಿಲ್ಲ. ಈ ಕಥೆಯನ್ನು ಚಿಕ್ಕಪ್ಪ ಇದ್ದ ಊರು, ವರ್ಷ ಸಮೇತ ಒಂದು ಹಾಳೆಯಲ್ಲಿ ಬರೆದು ಕಾರ್ಡಿನ ಜೊತೆ ಇಡಿ. ಅವರು ಅಮೆರಿಕದಲ್ಲಿ ತೆಗೆಸಿಕೊಂಡ ಫೋಟೋ ಇದ್ದರೆ ಅದರ ಪ್ರತಿಯನ್ನೂ ಇಡಿ.

ಕೇಪ್ ವಿನೈಲ್ ಎಂಬ ಬಾಗುವ ಪ್ಲಾಸ್ಟಿಕ್‌ನದ್ದು. ತೋಳಿನ ತೂತುಗಳ ಹತ್ತಿರ ಹರಿಯುವುದು ಇದರ ಕಾಯಿಲೆ. ಮಕ್ಕಳು ಹಾಕಿ ತೆಗೆದು ಮಾಡುವಾಗ ಅಲ್ಲೇ ಸೀಳು ಬಿಡುತ್ತದೆ. ನಿಮ್ಮದರಲ್ಲಿ ಎಡ ತೋಳಿನ ಹತ್ತಿರ ಕಾಳಿನಷ್ಟು ಸೀಳು ಕಾಣುತ್ತಿದೆ. ಅಂಟು ಹಾಕಬೇಡಿ, ಟೇಪ್ ಹಚ್ಚಬೇಡಿ. ಹಾಗೇ ಇರಲಿ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಈ ಸಾಲಿನಲ್ಲಿ ಕೇಪ್‌ನಿಂದಲೇ ಹೆಸರಾದ ಗೊಂಬೆ ಜಾವಾ. ಅದು ಪುಟ್ಟ ಗೊಂಬೆ, ದೊಡ್ಡ ಗೊಂಬೆಯಷ್ಟೇ ಬೆಲೆ. ಮೊದಲು ಅದಕ್ಕೂ ವಿನೈಲ್ ಕೇಪ್ ಹಾಕಿದ್ದರು. ಕೊಟ್ಟ ದುಡ್ಡಿಗೆ ತೀರಾ ಸಾದಾ ಕಾಣುತ್ತದೆ ಎಂದು ಬೇಗನೆ ಬಟ್ಟೆಯ ನಿಲುವಂಗಿಗೆ ಬದಲಾಯಿಸಿದರು. ಈಗ ಆ ವಿನೈಲ್ ಕೇಪ್ ಜಾವಾಗೆ ಚಿನ್ನದ ಬೆಲೆ. ಬೆನ್ ಕೆನೋಬಿಯ ಕೇಪ್ ಕತ್ತರಿಸಿ ಜಾವಾಗೆ ಹಾಕಿ ಮೋಸ ಮಾಡಿದವರೂ ಇದ್ದಾರೆ. ವೇಡರ್‌ಗೆ ಮಾತ್ರ ಕೊನೆಯವರೆಗೂ ವಿನೈಲೇ. ಹಾಗಾಗಿ ‘ವಿನೈಲ್ ಕೇಪ್, ಅಪರೂಪ’ ಎಂದು ಯಾರಾದರೂ ವೇಡರ್ ತೋರಿಸಿದರೆ ನಂಬಬೇಡಿ.

ಮೈ ನೋಡೋಣ. ಕಪ್ಪು ಪ್ಲಾಸ್ಟಿಕ್ ಆದ್ದರಿಂದ ಬಿಳಿ ಸ್ಟಾರ್ಮ್‌ಟ್ರೂಪರ್ ಸೈನಿಕನ ಗೊಂಬೆಯ ಹಾಗೆ ಹಳದಿ ಆಗುವ ತೊಂದರೆ ಇವನಿಗಿಲ್ಲ. ಆದರೆ ಗೀರು ಎದ್ದು ಕಾಣುತ್ತದೆ. ಎದೆಯ ಪೆಟ್ಟಿಗೆಯ ಮೇಲಿನ ಸಣ್ಣ ಬಣ್ಣ ಬೆರಳು ತಾಗಿ ತಾಗಿ ಹೋಗುತ್ತದೆ. ನಿಮ್ಮದರಲ್ಲಿ ಬಣ್ಣ ಬಹುತೇಕ ಉಳಿದಿದೆ. ಕುತ್ತಿಗೆ, ಎರಡು ತೋಳು, ಎರಡು ತೊಡೆ, ಈ ಐದೇ ಕಡೆ ಗೊಂಬೆ ತಿರುಗುತ್ತದೆ. ಆಸರೆ ಇಲ್ಲದೆ ನಿಲ್ಲುತ್ತಾ? ತೋಳು ಎತ್ತಿದರೆ ಹಾಗೇ ನಿಲ್ಲುತ್ತಾ, ಜೋತು ಬೀಳುತ್ತಾ? ಇದನ್ನು ಫೋಟೋದಲ್ಲಿ ಹೇಳೋಕೆ ಆಗಲ್ಲ, ನೀವೇ ನೋಡಬೇಕು. ಕೀಲು ಬಿಗಿ ಇದ್ದರೆ ಬೆಲೆ ಒಂದು ಮೆಟ್ಟಿಲು ಮೇಲೆ.

ಬೆಲೆ ಎಷ್ಟು? ಕಾರ್ಡಿನಿಂದ ಹೊರಬಂದ, ಅಸಲಿ ಕತ್ತಿ-ಕೇಪ್ ಎರಡೂ ಇರುವ ಮಾಮೂಲಿ ವೇಡರ್ ಅಮೆರಿಕದಲ್ಲಿ ಹತ್ತಾರು ಡಾಲರ್‌ಗಳಿಗೆ ಕೈ ಬದಲಾಗುತ್ತದೆ. ನೂರು ಡಾಲರ್ ದಾಟುವುದು ಕಡಿಮೆ. ನಿಮ್ಮ ಕಾರ್ಡ್ ಸೇರಿದರೆ ಇನ್ನಷ್ಟು ಸೇರುತ್ತದೆ. ವ್ಯಾಪಾರಿ ತನ್ನ ಲಾಭಕ್ಕೆ ಜಾಗ ಇಟ್ಟುಕೊಂಡು ಕೊಳ್ಳಬೇಕು ಅಲ್ವಾ? ಆ ಲೆಕ್ಕದಲ್ಲಿ ಬರೀ ಗೊಂಬೆಗೆ 2,500 ಅನ್ಯಾಯದ ಬೆಲೆ ಅಲ್ಲ. ಕಾರ್ಡನ್ನೂ ಸೇರಿಸಿ ಅದೇ ದುಡ್ಡು ಕೇಳಿದರೆ ಕೊಡಬೇಡಿ. ನೀವೇ ನೋಡಿಕೊಳ್ಳುವುದಾದರೆ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ಇಟ್ಟವರು ಕೇಳುವ ಬೆಲೆ ನೋಡಬೇಡಿ. ‘ಮಾರಾಟವಾದದ್ದು’ ಎಂಬ ಆಯ್ಕೆ ಒತ್ತಿ, ನಿಜವಾಗಿ ದುಡ್ಡು ಕೈ ಬದಲಾದ ಬೆಲೆ ನೋಡಿ. ಕೇಳುವ ಬೆಲೆಗೆ ಮಿತಿಯೇ ಇಲ್ಲ.

ಸುದ್ದಿಯಲ್ಲಿ ಬರುವ ದೊಡ್ಡ ಮೊತ್ತಗಳು ಬೇರೆ ಲೋಕದವು. 2024ರಲ್ಲಿ ಹೆರಿಟೇಜ್ ಹರಾಜಿನಲ್ಲಿ ಒಂದು ಬೋಬಾ ಫೆಟ್ 5,25,000 ಡಾಲರ್‌ಗೆ ಹೋಯಿತು. ಅದು ಅಂಗಡಿಗೆ ಬಂದ ಗೊಂಬೆಯೇ ಅಲ್ಲ. ಬೆನ್ನಿನಿಂದ ರಾಕೆಟ್ ಹಾರಿಸುವ ಮಾದರಿ, ಕಂಪನಿಯೊಳಗೆ ಮಾತ್ರ ಇದ್ದದ್ದು. ಆ ಹೊತ್ತಿಗೆ ಬೇರೆ ಕಂಪನಿಯ ಆಟಿಕೆಯ ಹಾರುವ ತುಂಡು ಗಂಟಲಲ್ಲಿ ಸಿಕ್ಕಿ ಒಂದು ಮಗು ತೀರಿಹೋಗಿತ್ತು. ಕೆನ್ನರ್ ರಾಕೆಟ್ ಹಾರದಂತೆ ಅಂಟಿಸಿಯೇ ಬೋಬಾ ಫೆಟ್‌ನನ್ನು ಹೊರಗೆ ಬಿಟ್ಟಿತು.

ಗ್ರೇಡಿಂಗ್ ಮಾಡಿಸಲೇ ಎಂದು ನೀವು ಮುಂದೆ ಕೇಳಬಹುದು. ಅಮೆರಿಕದಲ್ಲಿ ಎ.ಎಫ್.ಎ., ಸಿ.ಎ.ಎಸ್. ಎಂಬ ಸಂಸ್ಥೆಗಳು ಗೊಂಬೆ ಪರೀಕ್ಷಿಸಿ, 100ಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪಾರದರ್ಶಕ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿ ಕೊಡುತ್ತವೆ. ಬಿಚ್ಚದ ಕಾರ್ಡಿಗೆ ಇದು ಮಾಡಿಸಬೇಕಾದ ಕೆಲಸ. ನಿಮಗೆ ಬೇಡ. ಕಳಿಸುವ ಖರ್ಚು, ವಿಮೆ, ಅವರ ಶುಲ್ಕ, ವಾಪಸ್ ಬರುವಾಗ ಕಸ್ಟಮ್ಸ್ ತಲೆನೋವು, ಎಲ್ಲ ಸೇರಿ ಗೊಂಬೆಯ ಬೆಲೆಯನ್ನೇ ಮೀರಬಹುದು. 2020ರಲ್ಲಿ ನಮ್ಮಲ್ಲಿ ಆಟಿಕೆ ಆಮದಿನ ಸುಂಕ 20ರಿಂದ 60 ಪರ್ಸೆಂಟ್‌ಗೆ ಏರಿದ ಮೇಲೆ ಇಲ್ಲಿನ ಸಂಗ್ರಹಕಾರರು ಒಂದೊಂದು ಪಾರ್ಸೆಲ್‌ಗೂ ಹತ್ತು ಸಲ ಯೋಚಿಸುತ್ತಾರೆ. ನಿಜಕ್ಕೂ ಮಾರುವ ಮನಸ್ಸಿದ್ದರೆ ನಿಮ್ಮ ತಂಗಿಯ ಮಗ ಊರಿಗೆ ಬಂದಾಗ ಕೈಯಲ್ಲೇ ಕೊಟ್ಟು ಕಳಿಸಿ. ಅಲ್ಲಿ ಒಳ್ಳೆ ಬೆಲೆ ಸಿಗುತ್ತದೆ.

ಬೀರುವಿನಲ್ಲಿ ಇನ್ನೂ ಗೊಂಬೆಗಳಿವೆಯಾ? ಇದ್ದರೆ ಅವನ್ನೂ ನೋಡಿ. ಫನ್‌ಸ್ಕೂಲ್ ಕಂಪನಿ ಭಾರತದಲ್ಲೇ ಮಾಡಿ ಮಾರಿದ ಜಿ.ಐ. ಜೋ ಎಂಬ ಸೈನಿಕ ಗೊಂಬೆಗಳನ್ನು ಹೊರದೇಶದವರು ಹುಡುಕಿಕೊಂಡು ಬರುತ್ತಾರೆ. ನಮ್ಮಲ್ಲಿ ‘ಲೋಕಲ್’ ಎಂದು ಎಸೆದದ್ದು ಅವರಿಗೆ ಅಪರೂಪ.

ತೊಳೆಯಬಹುದಾ ಎಂದಿರಿ. ಕೇಪ್ ತೆಗೆಯುವಾಗ ಸೀಳು ಜಾಸ್ತಿ ಆಗುತ್ತದೆ, ಹಾಗಾಗಿ ತೆಗೆಯದೆ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಲ್ಲಿ ಮೈ ಒರೆಸಿ. ಬಟ್ಟೆಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಎದೆಯ ಬಣ್ಣದ ಮೇಲೆ ಉಜ್ಜಬೇಡಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಸ್ಪಿರಿಟ್ ಹತ್ತಿರ ತರಬೇಡಿ. ಬಿಸಿಲಲ್ಲಿ ಒಣಗಿಸಬೇಡಿ. ಕಾರ್ಡಿಗೆ ನೀರು ತಾಗಲೇಬಾರದು, ಒಣ ಬ್ರಷ್‌ನಲ್ಲಿ ಧೂಳು ತೆಗೆಯಿರಿ.

ಇಡುವಾಗ ಒಂದು ಎಚ್ಚರ. ನಿಮ್ಮ ಎರಡನೇ ಫೋಟೋದಲ್ಲಿ ಗೊಂಬೆಯ ಪಕ್ಕ ನುಸಿ ಗುಳಿಗೆ ಕಾಣುತ್ತಿದೆ. ಇವತ್ತೇ ತೆಗೆದುಬಿಡಿ. ಅದರ ಆವಿ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಹಾಳು ಮಾಡುತ್ತದೆ. ಗೊಂಬೆಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಬಣ್ಣದ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಬೇಡಿ. ವಿನೈಲ್ ಹಳೆಯದಾದಂತೆ ಜಿಗುಟು ಬಿಡುತ್ತದೆ, ತಾಗಿದ್ದಕ್ಕೆ ಅಂಟಿಕೊಳ್ಳುತ್ತದೆ. ಮುಚ್ಚಳ ಇರುವ ಪಾರದರ್ಶಕ ಡಬ್ಬಿಯಲ್ಲಿ ನಿಲ್ಲಿಸಿ, ಸಿಲಿಕಾ ಜೆಲ್‌ನ ಒಂದು ಪೊಟ್ಟಣ ಹಾಕಿ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಕತ್ತಿಯನ್ನು ಕೈಯೊಳಗೆ ಜಾರಿಸಿ ಇಡಿ, ಹೊರಗೆ ಚಾಚಿ ಬಿಟ್ಟರೆ ಬೇಸಿಗೆಯಲ್ಲಿ ಬಾಗುತ್ತದೆ.

ಇನ್ನು ಮೊಮ್ಮಗ. ಈ ವೇಡರ್‌ನನ್ನು ಅವನ ಕೈಗೆ ಕೊಡಬೇಡಿ. ಕತ್ತಿ ಸಣ್ಣದು, ಜಾರಿ ಬಿದ್ದರೆ ನೇರ ಬಾಯಿಗೆ ಹೋಗುತ್ತದೆ. ಅವನು ಸ್ವಲ್ಪ ದೊಡ್ಡವನಾದ ಮೇಲೆ ಇಂಥದ್ದೇ ಬೇಕು ಎಂದರೆ ದಾರಿ ಇದೆ. ಹ್ಯಾಸ್‌ಬ್ರೊ ಎಂಬ ಆಟಿಕೆ ಕಂಪನಿ 2019ರಿಂದ ‘ರೆಟ್ರೊ ಕಲೆಕ್ಷನ್’ ಎಂಬ ಹೆಸರಲ್ಲಿ ಇದೇ ಅಳತೆಯ, ಇದೇ ಹಳೇ ರೂಪದ ವೇಡರ್ ತಂದಿದೆ. ಕಾರ್ಡಿನ ಮೇಲೆ ಸವೆದ ಗುರುತುಗಳನ್ನೂ ಮುದ್ರಿಸಿದ್ದಾರೆ. ಅದನ್ನು ಕೊಡಿಸಿ, ಅವನು ಮನಸಾರೆ ಆಡಲಿ. ಒಂದೇ ಕೆಲಸ ಮಾಡಿ: ಎರಡೂ ಗೊಂಬೆ ಒಂದೇ ಮನೆಯಲ್ಲಿದ್ದಾಗ ಕತ್ತಿಗಳು ಅದಲುಬದಲಾಗದಂತೆ ನೋಡಿಕೊಳ್ಳಿ. ನಿಮ್ಮ ಹಳೇ ಕತ್ತಿಯ ಹತ್ತಿರದ ಫೋಟೋ ನಾಲ್ಕೂ ಕಡೆಯಿಂದ ಈಗಲೇ ತೆಗೆದಿಟ್ಟುಕೊಳ್ಳಿ.